ಜಿಲ್ಲಾ ಪಂಚಾಯಿತಿಯಲ್ಲಿ ಸದಸ್ಯರೇ ಇಲ್ಲ, ಶಾಲೆಯ ಸೂರಿನ ಬಗ್ಗೆ ಯಾರನ್ನು ಕೇಳಬೇಕು?

ಬಯಲುಸೀಮೆಯವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಬಯಲುಸೀಮೆಯ ಒಂದು ಹಳ್ಳಿ, ಇನ್ನೂರು ಚಿಲ್ಲರೆ ಮನೆ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ನಾನು ಓದಿದ್ದು, ಈಗ ನನ್ನ ಮಗಳು ಅಲ್ಲೇ ಐದನೇ ಕ್ಲಾಸು. ಆರು ಕೋಣೆಗಳಲ್ಲಿ ಎರಡು ಹಳೇ ಹೆಂಚಿನವು. ತೊಲೆಗೆ ಗೆದ್ದಲು ಹಿಡಿದಿದೆ. ಮಳೆ ಬಂದರೆ ಮೇಷ್ಟ್ರು ಬೆಂಚುಗಳನ್ನೆಲ್ಲ ಒಂದು ಗೋಡೆಗೆ ಎಳೆದು, ಸೋರುವ ಕಡೆ ಬಿಸಿಯೂಟದ ಬಕೆಟ್ ತಂದಿಡುತ್ತಿದ್ದರು. ಹೋದ ಮಳೆಗಾಲದಲ್ಲಿ ರಾತ್ರಿ ಹೊತ್ತು ನಾಲ್ಕೈದು ಹೆಂಚು ರೀಪಿನ ಸಮೇತ ಕೆಳಗೆ ಬಿದ್ದವು. ಹಗಲು ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವತ್ತಿಂದ ಆ ಎರಡು ಕೋಣೆಗೆ ಬೀಗ. ಐದನೇ ಕ್ಲಾಸು, ಆರನೇ ಕ್ಲಾಸು ಒಂದೇ ಕೋಣೆಯಲ್ಲಿ, ಬೆನ್ನಿಗೆ ಬೆನ್ನು ಹಾಕಿ ಕೂತು ಓದುತ್ತಾರೆ.

ಇದಕ್ಕಾಗಿ ನಾನು ಎಂಟು ತಿಂಗಳಿಂದ ಓಡಾಡುತ್ತಿದ್ದೇನೆ. ಗ್ರಾಮ ಪಂಚಾಯಿತಿಗೆ ಹೋದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೇಳಿದ್ದು, ಶಾಲಾ ಕಟ್ಟಡ ನಮ್ಮದಲ್ಲ, ಜಿಲ್ಲಾ ಪಂಚಾಯಿತಿಗೆ ಬರುತ್ತದೆ ಅಂತ. ಶಿಕ್ಷಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ, ಪ್ರಸ್ತಾವನೆ ಮೇಲೆ ಕಳಿಸಿದ್ದೇವೆ ಅಂದರು. ಇಂಜಿನಿಯರ್ ಕಚೇರಿಯಲ್ಲಿ, ಅಂದಾಜು ಪಟ್ಟಿ ಆಗಿದೆ, ಅನುದಾನ ಬಂದಿಲ್ಲ ಅಂದರು. ಕೊನೆಗೆ ಒಂದು ದಿನ ಕೂಲಿ ಬಿಟ್ಟು ಜಿಲ್ಲಾ ಪಂಚಾಯಿತಿ ಕಚೇರಿಗೇ ಹೋದೆ. ದೊಡ್ಡ ಕಟ್ಟಡ. ಒಳಗೆ ಗೋಡೆಯ ಮೇಲೆ ಅಧ್ಯಕ್ಷರುಗಳ ಹೆಸರು ಬರೆದ ಮರದ ಹಲಗೆ ಇದೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ. ಕೊನೆಯ ಹೆಸರಿನ ಮುಂದೆ 2021. ಅದರ ಕೆಳಗೆ ಖಾಲಿ. ನಮ್ಮ ಕ್ಷೇತ್ರದ ಸದಸ್ಯರು ಯಾರು ಅಂತ ಕೇಳಿದೆ. ಈಗ ಯಾರೂ ಇಲ್ಲ, ಚುನಾವಣೆ ಆಗಿಲ್ಲ, ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು ಹೋಗಿ ಅಂದರು. ಕೊಟ್ಟು ಬಂದೆ.

ನನ್ನ ಪ್ರಶ್ನೆ ಇಷ್ಟೇ. ಈ ಜಿಲ್ಲಾ ಪಂಚಾಯಿತಿ ನಿಜವಾಗಿ ಏನು ಮಾಡುತ್ತದೆ? ಸದಸ್ಯರೇ ಇಲ್ಲದೆ ವರ್ಷಗಟ್ಟಲೆ ಹೇಗೆ ನಡೆಯುತ್ತದೆ, ಹಣ ಯಾವ ಊರಿಗೆ ಅಂತ ತೀರ್ಮಾನ ಮಾಡುವವರು ಯಾರು? ನಾನು ಇನ್ನು ಯಾರ ಹತ್ತಿರ ಹೋಗಬೇಕು? ತಿಳಿದವರು ಹೇಳಿ.

---

ಹಳೇ ಗುಮಾಸ್ತ:

ತಮ್ಮಾ, ನಾನು 1987ರಲ್ಲಿ ಜಿಲ್ಲಾ ಪರಿಷತ್ತು ಶುರುವಾದಾಗ ಗುಮಾಸ್ತನಾಗಿ ಸೇರಿದವನು, ಅದೇ ವ್ಯವಸ್ಥೆಯಲ್ಲೇ ನಿವೃತ್ತಿ ಆದೆ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಹಳ್ಳಿಗೆ ಸಂಬಂಧಿಸಿದ ಸರ್ಕಾರದ ಕೆಲಸ ಬಹುಪಾಲು ಕಾಗದದ ಮೇಲೆ ಜಿಲ್ಲಾ ಪಂಚಾಯಿತಿಯ ಕೆಳಗೆ ಬರುತ್ತದೆ. ಪ್ರಾಥಮಿಕ ಶಾಲೆ, ಹೈಸ್ಕೂಲು, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಪಶು ಆಸ್ಪತ್ರೆ, ಕೃಷಿ, ತೋಟಗಾರಿಕೆ, ಹಿಂದುಳಿದ ವರ್ಗದ ಹಾಸ್ಟೆಲ್, ಹಳ್ಳಿ ರಸ್ತೆ. ಕೆರೆ ಕೂಡ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿದ್ದರೆ ಪಂಚಾಯತ್ ರಾಜ್ ವ್ಯವಸ್ಥೆಗೆ, ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ. ನಿಮ್ಮ ಪಿಡಿಒ ಹೇಳಿದ್ದು ಸರಿ, ಶಾಲಾ ಕಟ್ಟಡದ ದುರಸ್ತಿ ಅಲ್ಲಿಂದಲೇ ಆಗಬೇಕು.

ಆದರೆ ಹಣದ ವಿಷಯ ಬೇರೆ. ಜಿಲ್ಲಾ ಪಂಚಾಯಿತಿಗೆ ತೆರಿಗೆ ಹಾಕುವ ಅಧಿಕಾರ ಇಲ್ಲ. ಮನೆ ಕಂದಾಯ, ನೀರಿನ ತೆರಿಗೆ ಎಲ್ಲ ಗ್ರಾಮ ಪಂಚಾಯಿತಿಗೆ. ಜಿಲ್ಲೆಗೆ ಬರುವುದೆಲ್ಲ ಮೇಲಿಂದ. ರಾಜ್ಯ ಬಜೆಟ್ಟಿನ ಜೊತೆ ಲಿಂಕ್ ಡಾಕ್ಯುಮೆಂಟ್ ಅಂತ ಒಂದು ಪುಸ್ತಕ ಬರುತ್ತದೆ, ಯಾವ ಜಿಲ್ಲೆಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಅಂತ ಅದರಲ್ಲಿ ಇರುತ್ತದೆ. ನೋಡಿದರೆ ನೂರಾರು ಕೋಟಿ. ಅದರಲ್ಲಿ ದೊಡ್ಡ ಪಾಲು ಮೇಷ್ಟ್ರ ಸಂಬಳ, ಆಸ್ಪತ್ರೆ ಸಿಬ್ಬಂದಿ ಸಂಬಳ. ಉಳಿದದ್ದರಲ್ಲೂ ಜಾಸ್ತಿ ಇಂಥ ಯೋಜನೆಗೇ ಖರ್ಚು ಮಾಡಬೇಕು ಅಂತ ಮೇಲೇ ನಿಗದಿಯಾಗಿರುತ್ತದೆ. ಜಿಲ್ಲೆಯವರು ಕೂತು, ಇದು ಈ ಊರಿಗೆ ಬೇಕು ಅಂತ ತಾವೇ ಹೇಳಬಹುದಾದ ಹಣ ಬಹಳ ಕಡಿಮೆ. ನಿಮ್ಮ ಶಾಲೆಯ ಹೆಂಚು ಆ ಕಡಿಮೆ ಹಣದಲ್ಲಿ ಬರಬೇಕು.

ಮೊದಲು ಹೀಗಿರಲಿಲ್ಲ ಅಂತ ಹೇಳಲೇಬೇಕು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಹಳ್ಳಿ ಹಳ್ಳಿಗೂ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. ಅವರು ತಂದ 1983ರ ಕಾಯ್ದೆಯ ಪ್ರಕಾರ 1987ರ ಜನವರಿಯಲ್ಲಿ ಚುನಾವಣೆ ಆಯಿತು. ಎರಡೇ ಹಂತಕ್ಕೆ ನೇರ ಚುನಾವಣೆ, ಕೆಳಗೆ ಮಂಡಲ ಪಂಚಾಯಿತಿ, ಮೇಲೆ ಜಿಲ್ಲಾ ಪರಿಷತ್ತು. ಹೆಂಗಸರಿಗೆ 25 ಪರ್ಸೆಂಟ್ ಮೀಸಲು ಆಗಲೇ ಇತ್ತು, ದೇಶದಲ್ಲಿ ಪಂಚಾಯಿತಿಗಳನ್ನು ಸಂವಿಧಾನಕ್ಕೆ ಸೇರಿಸಿದ 73ನೇ ತಿದ್ದುಪಡಿ ಬರುವುದಕ್ಕಿಂತ ಆರು ವರ್ಷ ಮೊದಲು! ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ, ಅವರು ಜಿಲ್ಲಾಧಿಕಾರಿಗಿಂತ ಹಿರಿಯರು. ಇದೆಲ್ಲ ಬರೀ ಗೌರವದ ಮಾತಲ್ಲ. ಅಧ್ಯಕ್ಷರ ಜೀಪು ಬೆಳಿಗ್ಗೆ ಎಂಟೂವರೆಗೆ ಒಂದು ಆಸ್ಪತ್ರೆ ಮುಂದೆ ನಿಂತರೆ ಸಂಜೆಯೊಳಗೆ ಇಡೀ ತಾಲ್ಲೂಕಿಗೆ ಸುದ್ದಿ ಹೋಗುತ್ತಿತ್ತು, ಮಾರನೇ ದಿನ ಎಲ್ಲ ಡಾಕ್ಟರೂ ಟೈಮಿಗೆ ಸರಿಯಾಗಿ ಹಾಜರ್. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿ ಕೂರಿಸಿದರು. ಆಮೇಲೆ 1993ರ ಹೊಸ ಕಾಯ್ದೆ, ಗ್ರಾಮ, ತಾಲ್ಲೂಕು, ಜಿಲ್ಲೆ ಅಂತ ಮೂರು ಹಂತ. ಜಿಲ್ಲಾ ಪಂಚಾಯಿತಿಗೆ ಚುನಾವಣೆ ಆಗುವ ಹೊತ್ತಿಗೆ 1995. ಅಂದರೆ ಈ ಖಾಲಿ ಕುರ್ಚಿ ನಾನು ನೋಡುತ್ತಿರುವುದು ಎರಡನೇ ಸಲ.

---

ಮಾಜಿ ಸದಸ್ಯೆ:

ನಾನು 2016ರಿಂದ 2021ರವರೆಗೆ ಒಂದು ಜಿಲ್ಲಾ ಪಂಚಾಯಿತಿಯ ಸದಸ್ಯೆ ಆಗಿದ್ದೆ. ಯಾವ ಜಿಲ್ಲೆ, ಯಾವ ಪಕ್ಷ ಇಲ್ಲಿ ಬೇಡ. ಗುಮಾಸ್ತ ಸರ್ ಹಣದ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಸಭೆಯ ಒಳಗೆ ಏನು ನಡೆಯುತ್ತದೆ ಅಂತ ನಾನು ಹೇಳುತ್ತೇನೆ.

ಸುಮಾರು 40 ಸಾವಿರ ಜನಕ್ಕೆ ಒಬ್ಬ ಸದಸ್ಯ. ನನ್ನ ಕ್ಷೇತ್ರದಲ್ಲಿ ಐದು ಗ್ರಾಮ ಪಂಚಾಯಿತಿ, ನಲವತ್ತರ ಮೇಲೆ ಹಳ್ಳಿ. ಎರಡು ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಸಭೆ ಆಗಲೇಬೇಕು ಅಂತ ಕಾಯ್ದೆ ಇದೆ. ಅದರ ಜೊತೆ ಐದು ಸ್ಥಾಯಿ ಸಮಿತಿ: ಸಾಮಾನ್ಯ, ಹಣಕಾಸು, ಸಾಮಾಜಿಕ ನ್ಯಾಯ, ಶಿಕ್ಷಣ ಮತ್ತು ಆರೋಗ್ಯ, ಕೃಷಿ ಮತ್ತು ಕೈಗಾರಿಕೆ. ನಾನಿದ್ದದ್ದು ಶಿಕ್ಷಣ ಮತ್ತು ಆರೋಗ್ಯದಲ್ಲಿ. ಶಾಸಕರು, ಸಂಸದರು, ತಾಲ್ಲೂಕು ಪಂಚಾಯಿತಿ ಅಧ್ಯಕ್ಷರೂ ಜಿಲ್ಲಾ ಪಂಚಾಯಿತಿಯ ಸದಸ್ಯರೇ.

ಮೊದಲ ವರ್ಷ ನನಗೆ ಏನೂ ಅರ್ಥ ಆಗಲಿಲ್ಲ. ಸಭೆಗೆ ಮುಂಚೆ ಒಂದು ದಪ್ಪ ಪುಸ್ತಕ ಕಳಿಸುತ್ತಾರೆ. ಹಿಂದಿನ ಸಭೆಯ ನಡಾವಳಿ, ಅದರ ಮೇಲಿನ ಅನುಪಾಲನಾ ವರದಿ. ಎಡಗಡೆ ನಾವು ಕೇಳಿದ ಪ್ರಶ್ನೆ, ಬಲಗಡೆ ಇಲಾಖೆಯ ಉತ್ತರ. ನನ್ನ ಕ್ಷೇತ್ರದ ಒಂದು ಆರೋಗ್ಯ ಉಪಕೇಂದ್ರದಲ್ಲಿ ಒಂದೂವರೆ ವರ್ಷದಿಂದ ನರ್ಸಮ್ಮ ಇರಲಿಲ್ಲ. ಬಸುರಿ ಹೆಂಗಸರು ಚುಚ್ಚುಮದ್ದಿಗೆ ಹದಿನಾಲ್ಕು ಕಿಲೋಮೀಟರ್ ಆಟೋದಲ್ಲಿ ಹೋಗಬೇಕಿತ್ತು. ನಾನು ಕೇಳಿದೆ. ಮುಂದಿನ ಸಭೆಯ ಪುಸ್ತಕದಲ್ಲಿ ಉತ್ತರ: ಕ್ರಮ ವಹಿಸಲಾಗುತ್ತಿದೆ. ಇನ್ನೊಂದು ಸಭೆ, ಮತ್ತದೇ ಸಾಲು, ಒಂದಕ್ಷರ ಆಚೀಚೆ ಇಲ್ಲ. ಮೂರನೇ ಸಭೆಯಲ್ಲಿ ಎದ್ದು ನಿಂತು ಮೂರೂ ಪುಸ್ತಕ ತೆರೆದು ಮೂರೂ ಉತ್ತರ ಗಟ್ಟಿಯಾಗಿ ಓದಿದೆ. ಕೈ ನಡುಗುತ್ತಿತ್ತು. ಬೇರೆ ಪಕ್ಷದ ಇಬ್ಬರು ಹೆಂಗಸರು, ನನಗೆ ಪರಿಚಯವೂ ಇಲ್ಲದವರು, ಅವರೂ ಎದ್ದು ನಿಂತರು, ನಮ್ಮಲ್ಲೂ ಇದೇ ಸಮಸ್ಯೆ ಅಂತ. ಸಿಇಒ (ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ) ಅಲ್ಲೇ ಜಿಲ್ಲಾ ಆರೋಗ್ಯಾಧಿಕಾರಿಗೆ ತಾರೀಖು ಕೊಡಿ ಅಂದರು. ನಾಲ್ಕನೇ ಸಭೆಯ ಪುಸ್ತಕದಲ್ಲಿ ಆ ಉಪಕೇಂದ್ರದ ಮುಂದೆ "ನಿಯೋಜನೆ ಮಾಡಲಾಗಿದೆ" ಅಂತ ತಾರೀಖಿನ ಸಮೇತ ಬಂತು.

ಒಂದು ಜಿಲ್ಲೆಯಲ್ಲಿ ಇದು ಎಷ್ಟು ಚಿಕ್ಕ ಕೆಲಸ ಅಂತ ನನಗೂ ಗೊತ್ತು. ಆದರೆ ಆ ಮೂರು ಪುಸ್ತಕ ಕೈಯಲ್ಲಿ ಹಿಡಿದು ಎದ್ದು ನಿಲ್ಲುವುದಕ್ಕೆ ಈಗ ಯಾರಿದ್ದಾರೆ? ಅಧಿಕಾರಿಗಳು ಕೆಟ್ಟವರು ಅಂತ ನಾನು ಹೇಳುವುದಿಲ್ಲ, ಒಳ್ಳೆಯ ಸಿಇಒಗಳನ್ನು ನೋಡಿದ್ದೇನೆ, ರಾತ್ರಿ ಹತ್ತಕ್ಕೂ ಫೋನ್ ಎತ್ತುವವರು. ಆದರೆ ಅವರು ಎರಡು ವರ್ಷ ಇದ್ದು ವರ್ಗ ಆಗಿ ಹೋಗುತ್ತಾರೆ. ಆ ನಲವತ್ತು ಹಳ್ಳಿಯ ಹೆಸರು ಬಾಯಿಪಾಠ ಇರುವುದು ಆ ಕ್ಷೇತ್ರದಲ್ಲಿ ಓಟು ಕೇಳಿ ಓಡಾಡಿದವರಿಗೆ ಮಾತ್ರ.

---

ನೇರ ಮಾತು:

ಅಕ್ಕ ಒಳ್ಳೆಯ ಕೆಲಸ ಮಾಡಿದ್ದಾರೆ, ಆದರೆ ಎಲ್ಲರೂ ಹಾಗಿರಲ್ಲ. ನಮ್ಮ ಕಡೆ ಜಿಲ್ಲಾ ಪಂಚಾಯಿತಿ ಸದಸ್ಯರು ಅಂದರೆ ಗುತ್ತಿಗೆದಾರರು, ಇಲ್ಲವಾದರೆ ಗುತ್ತಿಗೆದಾರರ ಹೆಂಡತಿ. ಐದು ವರ್ಷದಲ್ಲಿ ಊರಿಗೆ ಎರಡು ಸಲ ಬಂದಿದ್ದರು, ಒಂದು ಸಲ ಓಟಿಗೆ, ಒಂದು ಸಲ ಭೂಮಿಪೂಜೆಗೆ. ಬಂದ ಅನುದಾನವನ್ನು ಎಲ್ಲ ಸದಸ್ಯರಿಗೂ ಸಮ ಸಮ ಹಂಚಿಕೊಂಡು, ಒಂದೊಂದು ಊರಲ್ಲಿ ಐವತ್ತು ಮೀಟರ್ ಚರಂಡಿ, ಅರವತ್ತು ಮೀಟರ್ ಸಿಸಿ ರಸ್ತೆ. ಆ ಕಡೆಯೂ ಸೇರಲ್ಲ, ಈ ಕಡೆಯೂ ಸೇರಲ್ಲ. ಗ್ರಾಮ ಪಂಚಾಯಿತಿ ಹೇಗೂ ಇದೆ, ಶಾಸಕರು ಇದ್ದಾರೆ. ನಡುವೆ ಎರಡೆರಡು ಹಂತ ಯಾಕೆ ಬೇಕು? ಆ ಹಣ ನೇರ ಗ್ರಾಮ ಪಂಚಾಯಿತಿಗೆ ಕೊಡಲಿ. ಸಿಟ್ಟಿನಿಂದ ಹೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

---

ಮಾಜಿ ಸದಸ್ಯೆ:

ಸಮ ಹಂಚಿಕೆ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನಾನೂ ಅದರಲ್ಲಿ ಪಾಲುದಾರಳೇ. ಕ್ರಿಯಾ ಯೋಜನೆ, ಅಂದರೆ ಆ ವರ್ಷದ ಕೆಲಸಗಳ ಪಟ್ಟಿ, ಮಾಡುವಾಗ ಯಾವ ಸದಸ್ಯರೂ ಈ ವರ್ಷ ನನ್ನ ಪಾಲು ಪಕ್ಕದ ಕ್ಷೇತ್ರಕ್ಕೆ ಹೋಗಲಿ ಅನ್ನುವುದಿಲ್ಲ, ನಾನೂ ಅನ್ನಲಿಲ್ಲ. ಅದು ತಪ್ಪು. ಹತ್ತು ಊರಿಗೆ ಸೇರಿ ಒಂದು ದೊಡ್ಡ ಕೆಲಸ ಆಗಬೇಕಾದ ಹಣ ಚೂರುಚೂರಾಗಿ ಹೋಯಿತು.

ಆದರೆ ಎಲ್ಲ ಗ್ರಾಮ ಪಂಚಾಯಿತಿಗೇ ಕೊಡಿ ಅನ್ನುವುದು ಹೇಗೆ ಸಾಧ್ಯ ಹೇಳಿ. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿ ಇವೆ. ಎಷ್ಟೋ ಕಡೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದಕ್ಕಿಂತ ಹೆಚ್ಚು ಪಂಚಾಯಿತಿಯ ಜನ ಬರುತ್ತಾರೆ, ಹೈಸ್ಕೂಲಿಗೂ ಬರುತ್ತಾರೆ. ಒಂದು ಊರಲ್ಲಿ ಹನ್ನೆರಡು ಮಕ್ಕಳಿಗೆ ಮೂವರು ಮೇಷ್ಟ್ರು, ಪಕ್ಕದಲ್ಲಿ ನೂರು ಮಕ್ಕಳಿಗೆ ಇಬ್ಬರು, ಇದನ್ನು ಸರಿಮಾಡಲು ಎರಡೂ ಊರನ್ನು ಒಟ್ಟಿಗೆ ನೋಡುವವರು ಬೇಕಲ್ವಾ? ಶಾಸಕರು ನೋಡುತ್ತಾರೆ ಅನ್ನಬಹುದು. ಅವರಿಗೆ ವಿಧಾನಸಭೆ ಇದೆ, ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ, ಅದರಲ್ಲಿ ಎಷ್ಟು ಶಾಲೆ ಬರುತ್ತದೆ?

ಗುತ್ತಿಗೆದಾರರ ಹೆಂಡತಿ ಅಂದಿರಿ. ಅಂಥವರು ಇದ್ದರು, ಇಲ್ಲ ಅನ್ನಲ್ಲ. ಆದರೆ 2010ರ ತಿದ್ದುಪಡಿಯಿಂದ ಅರ್ಧ ಸ್ಥಾನ ಹೆಂಗಸರಿಗೆ ಬಂದಿದ್ದರಿಂದಲೇ ನನ್ನಂಥ, ಮನೆಯಲ್ಲಿ ಯಾರೂ ರಾಜಕೀಯದಲ್ಲಿ ಇಲ್ಲದ, ಅಂಗನವಾಡಿ ಕಾರ್ಯಕರ್ತೆಯ ಮಗಳು ಆ ಸಭಾಂಗಣದ ಒಳಗೆ ಹೋಗಿದ್ದು. ಮೊದಲ ವರ್ಷ ಗಂಡನ ಮುಖ ನೋಡಿ ಮಾತಾಡಿದ ಎಷ್ಟೋ ಜನ ಮೂರನೇ ವರ್ಷಕ್ಕೆ ಗಂಡನನ್ನು ಕಾರಲ್ಲೇ ಕೂರಿಸಿ ಬರುತ್ತಿದ್ದರು.

---

ಕಾಯ್ದೆ ಓದುವವನು:

ಚುನಾವಣೆ ಯಾಕೆ ಆಗಲಿಲ್ಲ ಅಂತ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸಂವಿಧಾನದ 243ಇ ವಿಧಿ ನೇರವಾಗಿ ಹೇಳುತ್ತದೆ, ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ, ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಮ್ಮಲ್ಲಿ 1992ರಲ್ಲಿ ಆದಂಥದ್ದು ಎಲ್ಲೂ ಆಗಬಾರದು ಅನ್ನುವುದೇ ಈ ಸಾಲಿನ ಅರ್ಥ.

ನಮ್ಮಲ್ಲಿ 2016ರ ಫೆಬ್ರವರಿಯಲ್ಲಿ 30 ಜಿಲ್ಲಾ ಪಂಚಾಯಿತಿಗೆ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಮೊದಲು ಕೊರೊನಾ ಅಂದರು. ಆದರೆ 2020ರ ಡಿಸೆಂಬರಿನಲ್ಲಿ ಅದೇ ಕೊರೊನಾ ನಡುವೆ ಗ್ರಾಮ ಪಂಚಾಯಿತಿ ಚುನಾವಣೆ ಆಗಿತ್ತಲ್ಲ? ಆಮೇಲೆ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮುಗಿಸಿ, 2021ರ ಜುಲೈನಲ್ಲಿ ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತು. ಅಷ್ಟರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನೇ ಆಯೋಗದಿಂದ ತೆಗೆದು, ಬೇರೆ ಸೀಮಾ ನಿರ್ಣಯ ಆಯೋಗ ಮಾಡಿತು. ಎಲ್ಲ ಮೊದಲಿಂದ ಶುರು. ಇದರ ಜೊತೆ ಹಿಂದುಳಿದ ವರ್ಗಗಳ ಮೀಸಲಾತಿಗೆ ಸರಿಯಾದ ಅಂಕಿಅಂಶ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಸೇರಿಕೊಂಡಿತು, ಅದಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಆಯಿತು. ಆ ಕೆಲಸ ಬೇಕಾದದ್ದೇ, ಅದಕ್ಕೆ ನನ್ನ ವಿರೋಧ ಇಲ್ಲ. ಆದರೆ ಆ ಕೆಲಸ ಮುಗಿದಿಲ್ಲ ಅನ್ನುವ ಕಾರಣಕ್ಕೆ ಚುನಾವಣೆ ನಿಲ್ಲಿಸುವಂತಿಲ್ಲ ಅಂತ 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ದಂಡ ಹಾಕಿತು, ತಡ ಮಾಡುತ್ತಿದ್ದೀರಿ ಅಂತ. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಚುನಾವಣೆ ಮಾತ್ರ ಮುಂದಕ್ಕೇ ಹೋಯಿತು. ಹಾಗಾಗಿ ಇದನ್ನು ಯಾವುದೋ ಒಂದು ಪಕ್ಷದ ತಲೆಗೆ ಕಟ್ಟಲು ಆಗುವುದಿಲ್ಲ. ಶಾಸಕರಿಗೆ ತಮ್ಮ ಕ್ಷೇತ್ರದೊಳಗೆ ಇನ್ನೂ ನಾಲ್ಕೈದು ಜನ ಗೆದ್ದವರು ಇರುವುದು ಇಷ್ಟ ಇಲ್ಲ, ನನ್ನ ಅಭಿಪ್ರಾಯದಲ್ಲಿ ಅಸಲು ಕಾರಣ ಇದೇ.

ನಷ್ಟ ದುಡ್ಡಿನಲ್ಲೂ ಇದೆ. ಕೇಂದ್ರದ 14ನೇ ಹಣಕಾಸು ಆಯೋಗ ಗ್ರಾಮ ಪಂಚಾಯಿತಿಗೆ ಮಾತ್ರ ಹಣ ಕೊಟ್ಟಿತ್ತು. 15ನೇ ಆಯೋಗ ಮೂರೂ ಹಂತಕ್ಕೆ ಕೊಟ್ಟಿತು, ನಮ್ಮ ರಾಜ್ಯದಲ್ಲಿ ಗ್ರಾಮಕ್ಕೆ 85, ತಾಲ್ಲೂಕಿಗೆ 10, ಜಿಲ್ಲೆಗೆ 5 ಪರ್ಸೆಂಟ್. ಆದರೆ ಚುನಾಯಿತ ಸದಸ್ಯರು ಇಲ್ಲದ ಪಂಚಾಯಿತಿಗೆ ಆ ಹಣ ಇಲ್ಲ ಅಂತ ಷರತ್ತು. ಗುಮಾಸ್ತರು ಹೇಳಿದ ಆ ಚೂರು ಹಣದಲ್ಲೂ ಒಂದು ಪಾಲು ಹೀಗೆ ಹೋಯಿತು. ಜಿಲ್ಲಾ ಯೋಜನಾ ಸಮಿತಿಯ ಕಥೆಯೂ ಇದೇ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳ ಚುನಾಯಿತರೇ ಆಗಿರಬೇಕು ಅಂತ ಸಂವಿಧಾನದಲ್ಲಿದೆ. ಹಳ್ಳಿಯ ಕಡೆಯಿಂದ ಅಲ್ಲಿ ಕೂರುವವರು ಯಾರು ಈಗ?

---

ಮಂಜೇಶ್ವರದಿಂದ:

ನಾವು ಕನ್ನಡದವರೇ, ಆದರೆ ಕೇರಳದಲ್ಲಿ ಇದ್ದೇವೆ, ಕಾಸರಗೋಡು ಜಿಲ್ಲೆ. ಇಲ್ಲಿಯ ಸಂಗತಿ ಒಂದೆರಡು ಹೇಳಬೇಕು ಅನ್ನಿಸಿತು.

ಇಲ್ಲಿ 1995ರಿಂದ ಐದೈದು ವರ್ಷಕ್ಕೆ ಜಿಲ್ಲಾ ಪಂಚಾಯತ್ ಚುನಾವಣೆ ಆಗುತ್ತಾ ಬಂದಿದೆ. 2020ರಲ್ಲಿ ಕೊರೊನಾ ಕಾರಣ ಒಂದು ತಿಂಗಳಷ್ಟು ತಡ ಆಯಿತು, ಡಿಸೆಂಬರಿನಲ್ಲಿ ಮಾಸ್ಕ್ ಹಾಕಿಕೊಂಡು ಸಾಲಲ್ಲಿ ನಿಂತು ಓಟು ಹಾಕಿದೆವು. ಗ್ರಾಮ, ಬ್ಲಾಕ್, ಜಿಲ್ಲೆ, ಮೂರಕ್ಕೂ ಒಂದೇ ದಿನ. ಇಲ್ಲಿ ಸರ್ಕಾರಿ ಹೈಸ್ಕೂಲು, ಹೈಯರ್ ಸೆಕೆಂಡರಿ ಶಾಲೆ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿಗೆ ಸೇರಿದವು. ಪ್ರೈಮರಿ ಶಾಲೆ, ಊರಿನ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿಗೆ. ಹಾಗಾಗಿ ಯಾರನ್ನು ಕೇಳಬೇಕು ಅಂತ ಗೊಂದಲ ಕಡಿಮೆ. ಶಾಲೆಗೆ ಕೋಣೆ ಬೇಕಾದರೆ ನಮ್ಮ ಡಿವಿಷನ್ (ಜಿಲ್ಲಾ ಪಂಚಾಯತ್ ಕ್ಷೇತ್ರ) ಸದಸ್ಯರ ಮನೆಗೇ ಹೋಗುತ್ತೇವೆ.

ಹಣ ಕೂಡ. 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಜನರೇ ಸೇರಿ ಯೋಜನೆ ಮಾಡುವುದು, ಶುರು ಮಾಡಿದಾಗ ರಾಜ್ಯದ ಯೋಜನಾ ಹಣದಲ್ಲಿ 35ರಿಂದ 40 ಪರ್ಸೆಂಟ್ ಸ್ಥಳೀಯ ಸಂಸ್ಥೆಗಳಿಗೆ ಅಂತ ಮಾಡಿದರು. ಯಾವ ಪಂಚಾಯತಿಗೆ ಎಷ್ಟು ಅಂತ ಬಜೆಟ್ಟಿನ ಜೊತೆಯಲ್ಲೇ ಅಚ್ಚಾಗಿ ಬರುತ್ತದೆ, ಯಾರು ಬೇಕಾದರೂ ನೋಡಬಹುದು. ಇಲ್ಲಿಯೂ ಕೊರತೆ ಉಂಟು. ಸರ್ಕಾರ ವರ್ಷದ ಕೊನೆಯಲ್ಲಿ ಕಂತು ತಡ ಮಾಡುತ್ತದೆ, ಫೆಬ್ರವರಿ ಮಾರ್ಚಲ್ಲಿ ಎಲ್ಲ ಬಿಲ್ಲಿಗೆ ಓಡುತ್ತಾರೆ. ನಮ್ಮ ಕನ್ನಡ ಶಾಲೆಗಳಿಗೆ ಮೇಷ್ಟ್ರ ವಿಷಯದಲ್ಲಿ ಆಗುವ ತೊಂದರೆ ಬೇರೆಯೇ ದೊಡ್ಡ ಕಥೆ. ಆದರೂ ನಮ್ಮ ಮಾತು ಹೇಳಲು ಒಬ್ಬ ಗೆದ್ದ ಮನುಷ್ಯ ಇದ್ದಾನೆ. ಪಂಚಾಯತ್ ರಾಜ್‌ನಲ್ಲಿ ದೇಶಕ್ಕೇ ಮೊದಲು ದಾರಿ ತೋರಿಸಿದ್ದು ಕರ್ನಾಟಕ ಅಂತ ನಮ್ಮಪ್ಪ ಹೇಳುತ್ತಿದ್ದರು. ಈಗ ಅಲ್ಲಿಯ ಸುದ್ದಿ ಓದಿದರೆ ಬೇಜಾರಾಗುತ್ತದೆ.

---

ಹಳೇ ಗುಮಾಸ್ತ:

ತಮ್ಮಾ, ನೀನು ಕೇಳಿದ ಕೊನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಈಗ ಸದಸ್ಯರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಇರುತ್ತಾರೆ, ಹಿರಿಯ ಐಎಎಸ್ ಅಧಿಕಾರಿ. ಅವರು ಬೆಂಗಳೂರಿನಲ್ಲಿ ಬೇರೆ ಕೆಲಸವನ್ನೂ ನೋಡಿಕೊಳ್ಳುತ್ತಾರೆ. ದಿನನಿತ್ಯದ್ದು ಸಿಇಒ. ಕ್ರಿಯಾ ಯೋಜನೆ ಅವರ ಮಟ್ಟದಲ್ಲಿ ತಯಾರಾಗಿ, ಆಡಳಿತಾಧಿಕಾರಿ ಒಪ್ಪಿ ಸಹಿ ಹಾಕಿದರೆ ಮುಗಿಯಿತು. ಉಸ್ತುವಾರಿ ಮಂತ್ರಿಗಳು ಮೂರು ತಿಂಗಳಿಗೊಮ್ಮೆ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನೆ, ಮಾಡುತ್ತಾರೆ, ಶಾಸಕರ ಪಟ್ಟಿ ಅಲ್ಲಿಗೆ ಹೋಗುತ್ತದೆ.

ನೀನು ಬರೀ ಅರ್ಜಿ ಕೊಟ್ಟರೆ ಅದು ಟಪಾಲಿನಲ್ಲೇ ಮಲಗುತ್ತದೆ. ಕಡತ ಗಟ್ಟಿಯಾಗಬೇಕು. ಮೊದಲು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಕರೆಸಿ ನಿರ್ಣಯ ಬರೆಸು. ಬಿದ್ದ ಹೆಂಚಿನ ಫೋಟೋ, ತಾರೀಖು ಸಮೇತ. ಅದೇ ನಿರ್ಣಯವನ್ನು ಗ್ರಾಮಸಭೆಯಲ್ಲಿ ಓದಿಸಿ ಅಲ್ಲಿಯ ನಡಾವಳಿಯಲ್ಲಿ ಸೇರಿಸು. ಗ್ರಾಮಸಭೆಯ ನಿರ್ಣಯದ ನಕಲು ಜೊತೆಗಿದ್ದರೆ ಅರ್ಜಿ ನಿನ್ನೊಬ್ಬನದಲ್ಲ, ಊರಿನದು. ಆಮೇಲೆ ಇಂಜಿನಿಯರ್ ಹತ್ತಿರ ಎರಡು ವಿಷಯ ಕೇಳು. ಆ ಕೋಣೆಗಳನ್ನು ಶಿಥಿಲ ಅಂತ ಬರೆದುಕೊಟ್ಟಿದ್ದಾರಾ? ಅಂದಾಜು ಪಟ್ಟಿ ಯಾವ ವರ್ಷದ ಎಸ್‌ಆರ್ ದರದಲ್ಲಿದೆ (ಸರ್ಕಾರದ ದರಪಟ್ಟಿ)? ಹಳೇ ದರದ್ದಾದರೆ ಅನುದಾನ ಬಂದ ದಿನವೂ ಮತ್ತೆ ತಿದ್ದಲು ವಾಪಸ್ ಕಳಿಸುತ್ತಾರೆ, ಆ ತಿದ್ದುವುದರಲ್ಲಿ ಮಾರ್ಚ್ ಮುಗಿದು ಹೋಗುತ್ತದೆ. ಎಷ್ಟು ಶಾಲೆಯ ಹಣ ಹೀಗೆ ಲ್ಯಾಪ್ಸ್ ಆಗಿದ್ದನ್ನು ನಾನೇ ಲೆಕ್ಕ ಬರೆದಿದ್ದೇನೆ, ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು. ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಯ 2019ರಿಂದ 2021ರವರೆಗಿನ ನಡಾವಳಿಯ ನಕಲು ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಹತ್ತು ರೂಪಾಯಿ ಶುಲ್ಕ, ಪುಟಕ್ಕೆ ಎರಡು ರೂಪಾಯಿ, 30 ದಿನ. ಒಂದೇ ವಿಷಯ ಬರೆ, 150 ಪದದೊಳಗೆ ಇರಲಿ, ನಮ್ಮ ರಾಜ್ಯದಲ್ಲಿ ಆ ನಿಯಮ ಇದೆ, ಜಾಸ್ತಿ ಆದರೆ ವಾಪಸ್ ಕಳಿಸುತ್ತಾರೆ. ನಿನ್ನ ಶಾಲೆಯ ಹೆಸರು ಹಿಂದೆ ಯಾವಾಗಲಾದರೂ ಆ ಸಭೆಯಲ್ಲಿ ಬಂದಿದೆಯಾ ನೋಡು.

---

ಬಯಲುಸೀಮೆಯವನು:

ಎಲ್ಲರಿಗೂ ತುಂಬಾ ಧನ್ಯವಾದ. ತಡವಾಗಿ ಬರೆಯುತ್ತಿದ್ದೇನೆ, ನಕಲು ಸಿಗುವುದಕ್ಕೆ ಒಂದೂವರೆ ತಿಂಗಳಾಯಿತು.

ಎಸ್‌ಡಿಎಂಸಿ ನಿರ್ಣಯ ಆಯಿತು, ಮೇಷ್ಟ್ರೇ ಮುಂದೆ ನಿಂತು ಬರೆಸಿದರು. ಗ್ರಾಮಸಭೆಯಲ್ಲಿ ನನ್ನ ಮಗಳ ಕ್ಲಾಸಿನ ಮಕ್ಕಳ ತಾಯಂದಿರು ಹದಿನೇಳು ಜನ ಬಂದಿದ್ದರು. ಅಲ್ಲೂ ನಿರ್ಣಯ ಆಯಿತು.

ಗುಮಾಸ್ತ ಸರ್, ನಡಾವಳಿಯಲ್ಲಿ ನಮ್ಮ ಶಾಲೆ ಇದೆ! 2020ರ ಕೊನೆಯ ಒಂದು ಸ್ಥಾಯಿ ಸಮಿತಿ ಸಭೆ. ನಮ್ಮ ಆಗಿನ ಸದಸ್ಯರೇ ಎತ್ತಿದ್ದಾರೆ. ಅವರು ಊರಿಗೆ ಜಾಸ್ತಿ ಬರುತ್ತಿರಲಿಲ್ಲ ಅಂತ ನಾವೆಲ್ಲ ಬೈದುಕೊಂಡಿದ್ದೆವು, ಆದರೆ ಅಲ್ಲಿ ಹೇಳಿದ್ದಾರೆ. ಊರಿನ ಹೆಸರು, ಎರಡು ಹೆಂಚಿನ ಕೋಣೆ, ತೊಲೆಗೆ ಗೆದ್ದಲು, ಎಲ್ಲ ಬರೆದಿದೆ. ಕೆಳಗೆ ತೀರ್ಮಾನ: ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸಲು ಸೂಚಿಸಲಾಯಿತು. ಅದರ ಮುಂದಿನ ಸಭೆಯ ಅನುಪಾಲನಾ ವರದಿಯಲ್ಲಿ ಕ್ರಮ ವಹಿಸಲಾಗುತ್ತಿದೆ ಅಂತ ಇದೆ. ಅದಾದ ಮೇಲೆ ಒಂದೆರಡು ಸಭೆ, ಆಮೇಲೆ ಪುಟವೇ ಇಲ್ಲ, ಅವಧಿ ಮುಗಿದಿದೆ.

ಈ ಹಳೇ ತೀರ್ಮಾನ ಈಗಲೂ ಲೆಕ್ಕಕ್ಕೆ ಬರುತ್ತದಾ? ಸಿಇಒಗೆ ಕೊಡುವ ಅರ್ಜಿಗೆ ಇದನ್ನು ಲಗತ್ತಿಸಬಹುದಾ?

---

ಮಾಜಿ ಸದಸ್ಯೆ:

ಖಂಡಿತ ಲಗತ್ತಿಸಿ ತಮ್ಮಾ. ಸದಸ್ಯರ ಅವಧಿ ಮುಗಿದಿದೆ, ಜಿಲ್ಲಾ ಪಂಚಾಯಿತಿ ಮುಗಿದಿಲ್ಲ. ಸಮಿತಿ ಸೂಚನೆ ಕೊಟ್ಟಿದೆ, ಅದು ಬಾಕಿ ಇದೆ ಅಂತ ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ಅರ್ಜಿಯ ಮೊದಲ ಸಾಲಲ್ಲೇ ಸಭೆಯ ತಾರೀಖು, ವಿಷಯ ಸಂಖ್ಯೆ, ಪುಟ ಸಂಖ್ಯೆ ಬರೆಯಿರಿ. ಗ್ರಾಮಸಭೆಯ ನಿರ್ಣಯ ಎರಡನೇ ಲಗತ್ತು. ನೀವು ಒಬ್ಬರೇ ಹೋಗಬೇಡಿ, ಆ ಹದಿನೇಳು ಜನರಲ್ಲಿ ನಾಲ್ಕು ಜನ ತಾಯಂದಿರನ್ನು ಕರೆದುಕೊಂಡು ಹೋಗಿ. ಕೊಟ್ಟ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಯಾವ ದಿನ ಹೋಗುತ್ತೀರಿ ಅಂತ ಇಲ್ಲಿ ಬರೆಯಿರಿ, ನಿಮ್ಮ ಜಿಲ್ಲೆ ನನಗೆ ಹತ್ತಿರವಾದರೆ ನಾನೂ ಬರುತ್ತೇನೆ.